ಬಾಣಂತಿ ಓಣಿಯ ಸಾಕ್ಷಿ

ತಾಯಂದಿರೇ, ಬಂಧುಗಳೇ, ಕೆಟ್ಟದ್ದು ಮಾಡದೆ ಸುಮ್ಮನೆ ಇದ್ದರೂ ಪಾಪ ಬರುತ್ತದೆಯೇ ಎಂದು ನಿನ್ನೆ ಒಬ್ಬರು ಕೇಳಿದರು. ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಇದನ್ನು ನಾನು ಹದಿನಾಲ್ಕು ಜಿಲ್ಲೆಗಳಲ್ಲಿ ಹೇಳಿದ್ದೇನೆ. ಒಂದು ಕಡೆ ಇದನ್ನು ಕೇಳಿ, ಮಂಟಪದ ಹೊರಗೆ ಮಲಗಿದ್ದ ಎಮ್ಮೆ ಎದ್ದು ನಿಂತುಬಿಟ್ಟಿತು. ಸುಳ್ಳಲ್ಲ. ಎರಡು ಎಮ್ಮೆ.

ಎರೆಮಣ್ಣಿನ ಸೀಮೆಯಲ್ಲಿ ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಎಷ್ಟು ಶ್ರೀಮಂತ ಅಂತೀರಿ? ಅವನ ಮನೆಯ ಮುಂಬಾಗಿಲಲ್ಲಿ ಬೆಳಗಾದಾಗ ಹಿತ್ತಿಲ ಬಾಗಿಲಲ್ಲಿ ಮಧ್ಯಾಹ್ನ ಆಗಿರುತ್ತಿತ್ತು! ಆ ಮನೆಯ ಪಕ್ಕದಲ್ಲೇ ಒಂದು ಓಣಿ. ಅದರ ತುದಿಯಲ್ಲಿ ಹೆರಿಗೆ ಆಸ್ಪತ್ರೆ, ಅದಕ್ಕೂ ಆಚೆ ಕೋರ್ಟು. ಬಾಣಂತಿ ಓಣಿ ಎಂದೇ ಅದಕ್ಕೆ ಹೆಸರು. ಆಸ್ಪತ್ರೆಗೆ ಇನ್ನೊಂದು ದಾರಿ ಇಲ್ಲವೇ? ಇದೆ, ರೈಲ್ವೆ ಗೇಟು ದಾಟಿ. ಆ ಗೇಟು ಒಮ್ಮೆ ಬಿತ್ತೆಂದರೆ ಹುಟ್ಟಬೇಕಾದ ಕೂಸು ಅಲ್ಲೇ ಹುಟ್ಟಿ, ಗೇಟು ಏಳುವಷ್ಟರಲ್ಲಿ ಅಂಬೆಗಾಲಿಡಬೇಕು.

ಈ ಶ್ರೀಮಂತ ಒಂದು ದಿನ, "ಓಣಿ ನನ್ನ ಸ್ವಂತದ್ದು, ಗೋಡೆ ಕಟ್ಟುತ್ತೇನೆ" ಅಂದ. ಪುರಸಭೆಯವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ತಂದವನು ಪುರಸಭೆಯ ವಕೀಲ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಪುರಸಭೆಯೊಂದೇ ಕಕ್ಷಿದಾರ. ಕೋಟು ಎಷ್ಟು ಹಳೆಯದೆಂದರೆ ಕರಿ ಬಣ್ಣ ಬಿಟ್ಟು ಉಳಿದ ಬಣ್ಣವೆಲ್ಲ ಅದರಲ್ಲಿತ್ತು.

ನ್ಯಾಯಾಧೀಶರು, "ಓಣಿ ಸಾರ್ವಜನಿಕರದು ಎನ್ನುವುದಕ್ಕೆ ದಾಖಲೆ ಕೊಡಿ" ಅಂದರು. ವಕೀಲ ಪುರಸಭೆಯ ಹಳೇ ನಕಾಶೆ ಬಿಚ್ಚಿ ನೋಡುತ್ತಾನೆ, ಊರೆಲ್ಲ ಇದೆ, ಓಣಿ ಇದ್ದ ಜಾಗವನ್ನು ಮಾತ್ರ ಗೆದ್ದಲು ತಿಂದಿದೆ! ಗೆದ್ದಲಿಗೂ ಶ್ರೀಮಂತರ ಮನೆ ಊಟ ಇತ್ತೋ ಏನೋ.

"ಹಾಗಾದರೆ ಆ ಓಣಿಯಲ್ಲಿ ಓಡಾಡುವ ಒಬ್ಬರನ್ನಾದರೂ ಕರೆತಂದು ಸಾಕ್ಷಿ ಹೇಳಿಸಿ" ಅಂದರು ನ್ಯಾಯಾಧೀಶರು. "ಗುರುವಾರದವರೆಗೆ ಸಮಯ. ಇಲ್ಲದಿದ್ದರೆ ತಡೆಯಾಜ್ಞೆ ತೆಗೆಯುತ್ತೇನೆ."

ವಕೀಲನಿಗೆ ನಗು ಬಂತು. ಹತ್ತು ಸಾವಿರ ಜನ ನಡೆಯುವ ಓಣಿ, ಒಬ್ಬ ಸಾಕ್ಷಿ ಸಿಗುವುದಿಲ್ಲವೇ? ಶುಕ್ರವಾರ ಕಿರಾಣಿ ಅಂಗಡಿಗೆ ಹೋದ.

"ವಕೀಲ್ರ, ಆ ಓಣಿ ಎಲ್ಲಾರದು ಅನ್ನೂದು ಹಾಲುಗೂಸಿಗೂ ಗೊತ್ತೈತಿ. ನಾ ಏನ್ ಹೊಸಾದು ಹೇಳ್ಲಿ?"

"ಗೊತ್ತಿರೂದನ್ನ ಹೇಳ್ರಿ, ಸಾಕು."

"ನನಗ ಅಂಗಡಿ ಐತ್ರೀ. ಬಾಜೂ ಮನಿ ಮಾಸ್ತರು ರಿಟೈರ್ ಆಗಿ ಖಾಲಿ ಕುಂತಾರ, ಅವ್ರನ್ನ ಕೇಳ್ರಿ."

ಮಾಸ್ತರ ಬಳಿ ಹೋದರೆ, "ನಾ ಬರ್ತಿದ್ದೆ. ಆದ್ರ ಎದುರಿನ ವಕೀಲ ಪ್ರಶ್ನಿ ಕೇಳಿದ್ರ ನನಗ ಬಿಪಿ ಏರತೈತಿ. ಕಿರಾಣಿ ಅಂಗಡಿಯವ್ರಿಗೆ ಬಾಯಿ ಜೋರೈತಿ, ಅವ್ರನ್ನ ಕರೀರಲ್ಲ."

ವಾರ್ಡಿನ ಸದಸ್ಯ ಎದೆ ತಟ್ಟಿಕೊಂಡ. "ನಾ ನಿಮ್ಮ ಬೆನ್ನಿಗೆ ಅದೀನಿ, ವಕೀಲ್ರ!"

"ಬೆನ್ನಿಗೆ ಬ್ಯಾಡ್ರಿ, ಮುಂದ ಬರ್ರಿ."

"ಮುಂದ ಬಂದ್ರ ಕಾಣ್ತೀನಲ್ರಿ!"

ಶನಿವಾರ ಹೋಯಿತು, ರವಿವಾರ ಹೋಯಿತು, ಸೋಮವಾರ ಹೋಯಿತು. ಮಂಗಳವಾರ ವಕೀಲ ದರ್ಜಿಯ ಮನೆಗೆ ಬಂದ. ದರ್ಜಿಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಗೋಡೆಗೆ ಒರಗಿ ಕುಳಿತಿದ್ದಳು.

ದರ್ಜಿ ಮಿಶಿನ್ ನಿಲ್ಲಿಸಲಿಲ್ಲ. "ಸಾವ್ಕಾರ್ರ ಮನಿ ಅರಿವಿ ಎಲ್ಲಾ ನಾನ ಹೊಲೀತೀನ್ರಿ. ಅವ್ರ ಎದುರಿಗೆ ನಿಂತು ನಾ ಹೆಂಗ ಹೇಳ್ಲಿ? ಬ್ಯಾರೆ ಯಾರನ್ನರ ನೋಡ್ರಿ."

"ಅಪ್ಪಾ," ಅಂದಳು ಮಗಳು, "ನನ್ನ ದವಾಖಾನಿಗೆ ಎತ್ಲಾಗಿಂದ ಒಯ್ತೀ?"

ಮಿಶಿನ್ ನಿಂತಿತು. ವಕೀಲ ಕನಿಕರದಿಂದ ಅವಳತ್ತ ನೋಡಿದ. ಅವಳು ಅವನತ್ತಲೂ ತಿರುಗಿದಳು.

"ಮತ್ತ ನೀವು, ವಕೀಲ್ ಕಾಕಾ? ದಿನಾ ಕೋರ್ಟಿಗೆ ಎತ್ಲಾಗಿಂದ ಹೋಗ್ತೀರಿ?"

"ಅದ ಓಣಿಯಾಗಿಂದ, ತಂಗಿ."

"ಮತ್ತ ನೀವ ಹೇಳ್ರಲ್ಲ!"

ನೋಡಿ, ಐದು ದಿನ ಮನಸ್ಸಿನಲ್ಲೇ ಊರಿಗೆಲ್ಲ ಬೈದವನಿಗೆ ತನ್ನ ಕಾಲು ನೆನಪಿಗೇ ಬಂದಿರಲಿಲ್ಲ. ಆದರೆ ಒಂದು ತೊಡಕಿತ್ತು. ಒಂದೇ ಕೇಸಿನಲ್ಲಿ ವಕೀಲನೂ ಆಗಿ, ಸಾಕ್ಷಿಯೂ ಆಗಿ ನಿಲ್ಲುವಂತಿಲ್ಲ. ಸಾಕ್ಷಿ ಹೇಳಬೇಕಾದರೆ ವಕಾಲತ್ತು ಬಿಡಬೇಕು. ಬಿಟ್ಟರೆ ಇಪ್ಪತ್ತೆರಡು ವರ್ಷದ ಒಂದೇ ಒಬ್ಬ ಕಕ್ಷಿದಾರ ಬೇರೆಯವರ ಪಾಲು. ಬುಧವಾರವಿಡೀ ಅವನು ಅಂಗಳದಲ್ಲಿ ತಿರುಗಿದ. ನೀವಾಗಿದ್ದರೆ ಬಿಡುತ್ತಿದ್ದಿರಾ? ನಾನಾಗಿದ್ದರೆ? ನನ್ನನ್ನು ಕೇಳಬೇಡಿ.

ಗುರುವಾರ ಕೋರ್ಟಿನಲ್ಲಿ ಜಾತ್ರೆಯಷ್ಟು ಜನ. ಸಾಕ್ಷಿ ಹೇಳಲಿಕ್ಕಲ್ಲ, ಏನಾಗುತ್ತದೆ ನೋಡಲಿಕ್ಕೆ. ಕಿಟಕಿಯ ಸರಳುಗಳ ನಡುವೆ ತಲೆ ತೂರಿಸಿದವರನ್ನು ಆಮೇಲೆ ಎಣ್ಣೆ ಹಚ್ಚಿ ಬಿಡಿಸಬೇಕಾಯಿತು! ವಕೀಲ ವಕಾಲತ್ತು ಬಿಟ್ಟುಕೊಟ್ಟ. ಕೋಟು ಕಳಚಿ ಬೆಂಚಿನ ಮೇಲಿಟ್ಟು ಕಟಕಟೆ ಹತ್ತಿದ. ಕಂಡದ್ದನ್ನು ಕಂಡ ಹಾಗೆ ಹೇಳಿದ.

ಶ್ರೀಮಂತನ ವಕೀಲ ನಕ್ಕ. "ಸ್ವಾಮಿ, ಇವ್ರು ಇಷ್ಟು ವರ್ಷ ಪುರಸಭೆ ಕೆಲಸ ಮಾಡಿದವ್ರು. ಅದರ ಪರ ಹೇಳದ ಇನ್ಯಾರ ಪರ ಹೇಳ್ತಾರ? ಓಣಿ ಊರಿಂದಾದ್ರ, ಊರಿನವ್ರು ಎಲ್ಲಿ?"

ನ್ಯಾಯಾಧೀಶರು ತಲೆಯೆತ್ತಿ ಜನರನ್ನು ನೋಡಿದರು. ಜನ ನೆಲ ನೋಡಿದರು. ಆಗ ನ್ಯಾಯಾಧೀಶರೂ ನೆಲ ನೋಡಿದರು. ಏನು ಕಂಡಿತು ಗೊತ್ತೇ? ಹಿಂದಿನ ರಾತ್ರಿ ಮಳೆಯಾಗಿತ್ತು. ಊರಿನ ಮಣ್ಣೆಲ್ಲ ಕಪ್ಪು. ಕೆಂಪು ಮಣ್ಣಿದ್ದದ್ದು ಒಂದೇ ಕಡೆ, ಶ್ರೀಮಂತ ಗೋಡೆಯ ಪಾಯಕ್ಕೆಂದು ಲಾರಿಯಲ್ಲಿ ತರಿಸಿ ಓಣಿಯ ಬಾಯಲ್ಲಿ ಸುರಿಸಿದ್ದು. ಕೋರ್ಟಿನ ನೆಲವೆಲ್ಲ ಕೆಂಪು! ಎಲ್ಲರ ಚಪ್ಪಲಿ ಕೆಂಪು. ಕಿರಾಣಿಯವನದು, ಮಾಸ್ತರದು, ಸದಸ್ಯನದು. ಶ್ರೀಮಂತನ ವಕೀಲನ ಬೂಟೂ ಕೆಂಪು!

"ಇದು ಎಲ್ಲಿಯ ಮಣ್ಣು?" ಅಂದರು ನ್ಯಾಯಾಧೀಶರು.

ಒಂದೇ ಸಲಕ್ಕೆ ಮುನ್ನೂರು ಜೋಡಿ ಕಾಲು ಬೆಂಚಿನ ಕೆಳಗೆ ಸರಿದವು.

"ಮಣ್ಣಿನ ಹೇಳಿಕೆ ಬರೆದುಕೊಳ್ಳಲು ನನಗೆ ಬರುವುದಿಲ್ಲ. ಮನುಷ್ಯರು ಹೇಳಬೇಕು. ಯಾರಾದರೂ ಇದ್ದೀರಾ?" ಕೈ ತಡೆಯಾಜ್ಞೆಯ ಕಾಗದದ ಮೇಲೆ ಹೋಯಿತು. ಪೆನ್ನಿನ ಟೋಪಿ ತೆಗೆದರು.

ಗೋಡೆಯ ಬದಿಯಿಂದ ಒಬ್ಬ ಎದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಶ್ರೀಮಂತನ ಕಡೆ ನೋಡದೆ ನಡೆದು ಬಂದು ಕಟಕಟೆ ಹಿಡಿದುಕೊಂಡ.

"ಹೆಸರು?"

"ಪರಪ್ಪ ಸಿಂಪಿ, ದರ್ಜಿ ಅದೀನ್ರಿ. ನಮ್ಮವ್ವ ನನ್ನ ಹಡೀಲಿಕ್ಕೆ ಆ ಓಣಿಯಾಗ ನಡದಾಳ್ರಿ. ನನ್ನ ಹೇಂತಿ ನಡದಾಳ್ರಿ. ನನ್ನ ಮಗಳು..." ಕೊರಳಿನ ಟೇಪು ತೆಗೆದು ಕೈಗೆ ಸುತ್ತಿಕೊಂಡ. "ನನ್ನ ಮಗಳು ಇವತ್ತ ನಾಳೆ ನಡೀಬೇಕ್ರಿ."

ಇಷ್ಟು ಹೊತ್ತು ನಾನು ಯಾರ ಹೆಸರನ್ನೂ ಹೇಳಲಿಲ್ಲ. ನನ್ನ ಕಥೆಯಲ್ಲಿ ಹೆಸರು ಸಂಪಾದಿಸಿದವನು ಅವನೊಬ್ಬನೇ.

ತಡೆಯಾಜ್ಞೆ ಉಳಿಯಿತು. ಶ್ರೀಮಂತರ ಮನೆಯ ಬಟ್ಟೆ ಬೇರೆ ದರ್ಜಿಗೆ ಹೋಯಿತು. ಶನಿವಾರ ಮಧ್ಯಾಹ್ನ ಮಗಳಿಗೆ ನೋವು ಬಂತು. ರೈಲ್ವೆ ಗೇಟು ಬಿದ್ದಿತ್ತು. ಓಣಿ ತೆರೆದಿತ್ತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಏಳಬೇಡಿ, ಪ್ರಸಾದ ಇನ್ನೂ ಬೇಯುತ್ತಿದೆ. ಆ ಮುನ್ನೂರು ಜನ ಕಳ್ಳರೇ? ಅಲ್ಲ. ಸುಳ್ಳರೇ? ಅಲ್ಲ. ಪೂಜೆ ಮಾಡುವವರು, ಉಪವಾಸ ಇರುವವರು. ನಮ್ಮಂಥವರು. ಅವರು ಮಾಡಿದ್ದು ಇಷ್ಟೇ, ಇನ್ನೊಬ್ಬರು ಹೇಳಲಿ ಎಂದು ಕಾದರು. ಬಸ್ಸಿನಲ್ಲಿ ಒಬ್ಬಳಿಗೆ ಒಬ್ಬ ತೊಂದರೆ ಕೊಟ್ಟಾಗ "ನೀವು ನೋಡಿದಿರಾ?" ಎಂದು ಯಾರಾದರೂ ಕೇಳಿದರೆ ನೀವು ಎತ್ತ ನೋಡುತ್ತೀರಿ? ಕಿಟಕಿಯಾಚೆ! ಇನ್ನು ಮೇಲೆ "ನೋಡಿದೆ" ಅನ್ನಿ. ಮೊದಲು ಅನ್ನಿ, ಆಮೇಲೆ ಹೆದರಿ.

ಇಲ್ಲಿಗೆ ಬರುವಾಗ ನಿಮ್ಮ ಪುರಸಭೆಯ ಗೋಡೆಯ ಮೇಲೊಂದು ನೋಟಿಸು ಓದಿದೆ. ನಿಮ್ಮ ಮಕ್ಕಳು ಆಡುವ ಬಯಲನ್ನು ಬೇರೆ ಕೆಲಸಕ್ಕೆ ಕೊಡುತ್ತಾರಂತೆ, ಆಕ್ಷೇಪಣೆ ಇದ್ದರೆ ಶನಿವಾರದೊಳಗೆ ಬರೆದುಕೊಡಬೇಕಂತೆ. ಎಷ್ಟು ಜನ ಕೊಟ್ಟಿದ್ದೀರಿ? ಬೇಡ, ಪಕ್ಕದವರ ಮುಖ ನೋಡಬೇಡಿ. ಕಾಗದದ ಮೇಲೆ ನಿಮ್ಮ ಹೆಸರು, ಮನೆ ನಂಬರು, ಸಹಿ. ನಾನು ಐನೂರು ಪೆನ್ನು ತಂದಿದ್ದೇನೆ. ಸರಿ, ಐನೂರಲ್ಲ. ಒಂದು.

ಹಿಡಿದುಕೊಂಡು ನಿಂತಿದ್ದೇನೆ. ಮೊದಲು ಯಾರು ಬರುತ್ತೀರಿ?