ತಾತನ ಓಲೆಗರಿ

ಮೈಸೂರಿನಲ್ಲಿ ಹೊಸ ಅರಮನೆ ಕಟ್ಟುತ್ತಿದ್ದ ಕಾಲ. ತಳಕಿನ ಛತ್ರದ ಜಗಲಿಯಲ್ಲಿ ನಾನು ಚಳ್ಳಕೆರೆ ಗಾಡಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ದೊಡ್ಡಉಳ್ಳಾರ್ತಿಯ ಅಣ್ಣತಮ್ಮಂದಿರು ಕೂತಿದ್ದರು. ಸರ್ಕಾರದ ದನ ಹೊಡೆದುಕೊಂಡು ಮೈಸೂರಿಗೆ ಹೋಗಿದ್ದ ತಮ್ಮ ಪಾಲಯ್ಯ ಆಗಷ್ಟೇ ಮರಳಿದ್ದ. ಅಣ್ಣ ಬೋರಯ್ಯ ಅವನನ್ನು ಕರೆದೊಯ್ಯಲು ಬಂದಿದ್ದ.

“ಏನೇನು ನೋಡ್ದೆ?” ಎಂದ ಬೋರಯ್ಯ.

“ಅರಮನೆ ನೋಡ್ದೆ. ಬೆಟ್ಟ ಹತ್ತಿ ಕಲ್ಲಿನ ಬಸವಣ್ಣನ್ನ ನೋಡ್ದೆ. ಆಮೇಲೆ ಊರೂರಿನ ಹಳೇ ಓಲೆಗರಿ ಕೂಡಿಡೋ ಸರ್ಕಾರದ ಪುಸ್ತಕ ಭಂಡಾರಕ್ಕೆ ಹೋದೆ.”

“ಹೊತ್ತಾಯ್ತು, ನಡಿ” ಎಂದ ಬೋರಯ್ಯ.

“ತಾತ ದನದ ಮದ್ದು ಬರೆದಿಟ್ಟ ಓಲೆಗರಿ ಅಲ್ಲೈತೆ. ಕಳೆದೋಗೈತೆ ಅಂದಿದ್ಯಲ್ಲ ನೀನು?”

“ಅಲ್ಲಿಂದಲೇ ಊರಿಗೆ ಬಂದ ಪಂಡಿತರು ಕೇಳಿದ್ರು, ಕೊಟ್ಟೆ. ಮನೇಲಿ ಯಾರು ಓದ್ತಿದ್ರು?”

“ನಾನು ಓದ್ತಿದ್ದೆ. ತಾತ ನನಗೆ ಕಲಿಸಿದ, ನಿನಗೆ ಕಲಿಸಲಿಲ್ಲ. ಅದಕ್ಕೇ ನೀನು ಕೊಟ್ಟೆ.”

“ಬಾಯಿ ಮುಚ್ಚಲೇ. ಹಿರಿಯ ನಾನು.”

“ಹಿರಿಯ! ಗಂಟಲುಬೇನೆ ಬಂದು ಹಟ್ಟಿ ದನ ಸಾಯ್ತಿದ್ದಾಗ ಆ ಗರಿಗೆ ಮನೆಯೆಲ್ಲ ಹುಡುಕ್ದೆ. ನೀನು ಕುಂತು ನೋಡ್ತಿದ್ದೆ.”

“ಈಗ ವಾಪಸ್ ತಂದ್ಯಾ?”

“ಕೊಡಲ್ಲ, ಇಲ್ಲೇ ಓದ್ಕೋ ಅಂದ್ರು. ಸಂಜೆತನಕ ಕುಂತು ಬಾಯಿಪಾಠ ಮಾಡ್ಕಂಡು ಬಂದೀನಿ.”

ಬೋರಯ್ಯನ ದನಿ ತಗ್ಗಿತು. “ಹಂಗಾದ್ರೆ ನನಗೂ ಹೇಳು. ನನ್ನ ಕರೇ ಎತ್ತು ಎರಡು ದಿನದಿಂದ ಮೇವು ಬಿಟ್ಟೈತೆ.”

ಪಾಲಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ.

“ಎತ್ತಿಂದೇನು ತಪ್ಪೈತೆ? ಇವತ್ತೇ ಮದ್ದು ಅರೆದು ಕುಡಿಸ್ತೀನಿ. ನಿನಗೆ ಮಾತ್ರ ಒಂದಕ್ಷರನೂ ಹೇಳಲ್ಲ.”

ಅವನು ಹಿಂತಿರುಗಿ ನೋಡದೆ ಊರ ದಾರಿ ಹಿಡಿದ. ಅಣ್ಣ ಒಂದಿಷ್ಟು ದೂರ ಬಿಟ್ಟು ಹಿಂದೆಯೇ ನಡೆದ.