ಫ್ರಿಜ್ಜಿನ ಪ್ಲಗ್ಗು

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಶಿವರಾಜಪ್ಪನವರೇ, ಮುಖ್ಯ ಅತಿಥಿಗಳೇ, ಬೀದರ, ಭಾಲ್ಕಿ, ಔರಾದ, ಕಮಲನಗರಗಳಿಂದ ಬಂದಿರುವ ವೈದ್ಯ ಮಿತ್ರರೇ, ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಫೋನನ್ನು ಮೈಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅಸಭ್ಯತೆ ಎಂದುಕೊಳ್ಳಬೇಡಿ. ನನ್ನ ಕಂಪೌಂಡರ್ ಖಾಸಿಂ ಅಲಿಯ ಕರೆ ಬರಬೇಕಿದೆ.

ಔರಾದಿನ ನನ್ನ ಚಿಕ್ಕ ದವಾಖಾನೆಗೆ ನೀವು ಸುರಕ್ಷತೆಯ ಫಲಕ ಕೊಡುತ್ತಿದ್ದೀರಿ. ಸುರಕ್ಷತೆ ಎಂದರೇನು? ನನ್ನ ಮಟ್ಟಿಗೆ ಅದು ಅನುಮಾನ. ನನ್ನ ತಂದೆ ಭಾಲ್ಕಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ದುರಸ್ತಿಯಾದ ಗಡಿಯಾರವನ್ನು ಮತ್ತೆ ಮತ್ತೆ ಕಿವಿಗೆ ಹಿಡಿಯುವರು. 'ಹಿಂಗ ಸಂಶೇ ಪಟ್ಕೋತ ಕುಂತರ ಹೊಟ್ಟಿ ತುಂಬ್ತದೇನ್ರಿ?' ಎಂದು ಅವ್ವ ರೇಗುತ್ತಿದ್ದಳು. ಆ ಅನುಮಾನ ನನಗೂ ಬಂತು. ಪರಿಶೀಲನೆಗೆ ಬಂದವರಿಗೆ ಖಾಸಿಂ ಅಲಿ, 'ನಮ್ಮ ಸಾಬ್ ಚಾದ ಕಪ್ಪೂ ಕುದಸ್ತಾರ್ರಿ' ಎಂದ. ನಗಬಹುದು, ಅವರೂ ನಕ್ಕರು.

ಸೂಜಿ, ಕೈಗವಸು, ಔಷಧಿಯ ಅವಧಿ, ಫ್ರಿಜ್ಜಿನ ತಂಪು, ಎಲ್ಲವನ್ನೂ ನೋಡಿದರು. ಫ್ರಿಜ್ಜಿನ ಹಿಂದಿನ ಪ್ಲಗ್ಗನ್ನು ಯಾರು ನೋಡುತ್ತಾರೆ?

ಈ ಬರದ ವರ್ಷ ಕಬ್ಬು ಕಡಿಯಲು ಹೋಗುವವರು ಟ್ರಕ್ಕು ಬರುವವರೆಗೆ ನನ್ನ ಜಗುಲಿಯಲ್ಲೇ ತಂಗುತ್ತಾರೆ. ನೆರಳಿದೆ, ಕರೆಂಟಿದೆ. ಚಿಂತಾಕಿಯ ಶಾಲುಬಾಯಿ ನಿನ್ನೆ ಸಂಜೆ ಮಗಳೊಂದಿಗೆ ಬಂದಳು. ಮಗುವಿಗೆ ನಾಯಿ ಕಚ್ಚಿತ್ತು. ಎರಡು ಸೂಜಿ ಆಗಿದ್ದವು, ಮೂರನೆಯದು ಇಂದು. 'ಊರಾಗ ಡೀಪಿ ಸುಟ್ಟು ಕರೆಂಟ್ ಇಲ್ರಿ ಸಾಬ್. ಮೊಬೈಲ್ ಚಾರ್ಜಿಗಿ ಹಚ್ಲೇನ್ರಿ?' ಎಂದಳು. 'ಹಚ್ಚವ್ವ' ಎಂದೆ. ಎಲ್ಲಿಗೆ ಎಂದು ಕೇಳಲಿಲ್ಲ.

ಬೆಳಿಗ್ಗೆ ಸೂಜಿ ಹಾಕಿದೆ. ಅವರು ಟ್ರಕ್ಕು ಹತ್ತಿದರು, ನಾನು ಬೀದರಿನ ಬಸ್ಸು ಹತ್ತಿದೆ. ಈ ಸಭಾಂಗಣದ ಬಾಗಿಲಲ್ಲಿ ಹಾರ ಹಾಕುವಾಗ ಖಾಸಿಂ ಅಲಿಯ ಫೋನು ಬಂತು. 'ಸಾಬ್, ಫ್ರಿಜ್ಜಿನಾಗಿನ ನೀರು ಗರಂ ಅದರಿ. ಪ್ಲಗ್ ತೆಗೆದು ಬಾಜೂಕ ಇಟ್ಟಾರ್ರಿ.'

ಆ ಲಸಿಕೆ ಕೆಟ್ಟಿತ್ತೇ? ಕೆಟ್ಟಿರಲಿಕ್ಕಿಲ್ಲ. ಕೆಟ್ಟಿರಲೂಬಹುದು. ಬೇರೆ ರೋಗವಾಗಿದ್ದರೆ ಕಾದು ನೋಡಬಹುದಿತ್ತು. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ನಮ್ಮಲ್ಲಿ ಯಾರ ಬಳಿ ಏನಿದೆ, ಮಿತ್ರರೇ? ಶಾಲುಬಾಯಿಯ ಫೋನು ಬಂದ್ ಇದೆ. ರಾತ್ರಿಯೆಲ್ಲ ತುಂಬಿಸಿದ ಚಾರ್ಜನ್ನು ಉಳಿಸುತ್ತಿದ್ದಾಳೆ.

ಖಾಸಿಂ ಅಲಿ ಮೋಟಾರ್ ಸೈಕಲ್ಲಿನಲ್ಲಿ ಎಕಂಬಾಕ್ಕೆ ಹೋಗಿದ್ದಾನೆ. ಟ್ರಕ್ಕು ಅಲ್ಲಿ ಜನ ಹತ್ತಿಸಿಕೊಂಡು ಕಮಲನಗರದ ಮೇಲೆ ರಾಜ್ಯದ ಗಡಿ ದಾಟುತ್ತದೆ.

ಒಂದು ನಿಮಿಷ. ಕ್ಷಮಿಸಿ.

ಅವನೇ. ಎಕಂಬಾದಿಂದ ಟ್ರಕ್ಕು ಹೊರಟುಹೋಗಿದೆಯಂತೆ.

ಈ ಮಾತನ್ನು ಮೈಕು ಹಿಡಿದ ಕೂಡಲೇ ಹೇಳಬೇಕಿತ್ತು. ಖಾಸಿಂ ಅಲಿ ಟ್ರಕ್ಕು ಹಿಡಿದುಬಿಟ್ಟರೆ ಹೇಳುವ ಪ್ರಮೇಯವೇ ಬಾರದು ಎಂದು, ನೋಡಿ, ಗಡಿಯಾರದ ಕತೆ ಹೇಳುತ್ತ ನಿಂತೆ. ಅಧ್ಯಕ್ಷರೇ, ಫಲಕ ಮೇಜಿನ ಮೇಲೇ ಇರಲಿ. ಕಮಲನಗರದಲ್ಲಿ ನೆಂಟರಿರುವವರು, ಅಲ್ಲಿಯ ಅಡತಿ ಅಂಗಡಿ, ಪೆಟ್ರೋಲ್ ಪಂಪು ಬಲ್ಲವರು ಈಗಲೇ ಎದ್ದು ಫೋನ್ ಮಾಡಿ. ನೀಲಿ ತಾಡಪತ್ರಿಯ ಟ್ರಕ್ಕು. ಹಸಿರು ಲಂಗದ ಹುಡುಗಿ, ಮೊಣಕಾಲ ಕೆಳಗೆ ಪಟ್ಟಿ ಕಟ್ಟದ ಗಾಯ. ನಾಯಿ ಕಚ್ಚಿದ ಗಾಯಕ್ಕೆ ಪಟ್ಟಿ ಕಟ್ಟಬಾರದೆಂಬುದು ನಿಯಮ, ಅದನ್ನು ಪಾಲಿಸಿದ್ದೇನೆ. ತಾಯಿಯನ್ನು ಹೆದರಿಸಬೇಡಿ. ಮೊಬೈಲಿನ ಮಾತು ಎತ್ತಲೇಬೇಡಿ. ಸೂಜಿ ಇನ್ನೊಮ್ಮೆ ಹಾಕಬೇಕಂತೆ ಎಂದರೆ ಸಾಕು.

ಎದ್ದವರಿಗೆಲ್ಲ ನನ್ನ ಧನ್ಯವಾದ. ಚಪ್ಪಾಳೆ ಬೇಡ.

ಕಮಲನಗರದ ದತ್ತಾತ್ರಿ ಡಾಕ್ಟರೇ, ಹಿಂದಿನ ಸಾಲಿನಲ್ಲಿದ್ದೀರಿ. ನಿಮ್ಮ ದವಾಖಾನೆಯಲ್ಲಿ ಲಸಿಕೆ ಇದೆಯೇ? ಇದ್ದರೆ, ತೆಗೆಯುವ ಮೊದಲು ಫ್ರಿಜ್ಜಿನ ಹಿಂದೆ ಕೈಯಾಡಿಸಿ ನೋಡಲು ಹೇಳಿ. ನಮಸ್ಕಾರ.