ಅಜ್ಜಿಯ ಕಾಲಿನ ಅಳತೆ

ಅಟ್ಲಾಂಟಾದ ಕಾನೂನು ಕಾಲೇಜಿನಲ್ಲಿ ಹೊಸಬರ ಸ್ವಾಗತ ಮುಗಿದಿತ್ತು. ಅಲ್ಲೇ ಓದಿದ್ದ ಅಪ್ಪನ ಹೆಸರಿನ ಬಲದಲ್ಲಿ ಸೀಟು ಪಡೆದ ಬಿಳಿಯ ಹುಡುಗ ಹಾಲಿಸ್‌ನ ಕಿವಿಗೆ ಬಸ್‌ಸ್ಟಾಪಿನಲ್ಲಿ ಅಜ್ಜಿ ಮೊಮ್ಮಗಳ ಮಾತು ಬಿತ್ತು.

“ಸೀಟಿನ ಅರ್ಜೀಲಿ ಏನೇ ಬರ್ದೆ, ಇಮಾನಿ?”

“ನಿನ್ನ ಕಥೆ, ಅಜ್ಜಿ. ಕರಿಯರು ಅಂತ ಅಂಗಡೀಲಿ ಷೂಗೆ ಕಾಲಿಡೋಕೂ ಬಿಡ್ತಿರ್ಲಿಲ್ಲ, ನೀನು ಪಾದದ ಅಳತೇನ ಕಾಗದದ ಮೇಲೆ ಗೀಚ್ಕೊಂಡು ಹೋಗ್ತಿದ್ದೆ ಅಂತ.”

“ಅಯ್ಯೋ, ಅದನ್ನ ಯಾರಿಗೂ ಹೇಳ್ಬೇಡ ಅಂದಿದ್ನಲ್ಲೇ!”

“ಈಗ ಬಣ್ಣ ನೋಡಿ ಸೀಟು ಕೊಡೋ ಹಾಗಿಲ್ಲ ಅಂತ ಕೋರ್ಟು ಹೇಳಿದೆ. ಬಣ್ಣದಿಂದ ಪಟ್ಟ ಪಾಡು ಬರೀಬಹುದು, ಅಷ್ಟೇ. ನನ್ನ ಹತ್ರ ಅಂಥದ್ದೇನಿತ್ತು?”

“ಓದಿದೋರು ಏನಂದ್ರು?”

“ಮೇಷ್ಟ್ರುಗಳೆಲ್ಲ ಕಣ್ಣೀರು ಹಾಕಿದ್ರಂತೆ.”

“ಅದಕ್ಕೇ ಏನೇ, ಇವತ್ತು ಒಳಗೆ ಎಲ್ರೂ ನನ್ನ ಕಾಲನ್ನೇ ನೋಡ್ತಿದ್ದಿದ್ದು?”

ಬಸ್ಸು ಬಂತು. ಮೆಟ್ಟಿಲು ಹತ್ತುವ ಅಜ್ಜಿಯ ಕಾಲಿನಿಂದ ಹಾಲಿಸ್‌ಗೂ ಕಣ್ಣು ಕೀಳಲಾಗಲಿಲ್ಲ.